80 ವರ್ಷ ಆದ್ರೂ ಬರ್ಲಿನ್ನಿನ ಈ ಚರ್ಚನ್ನು ಯಾಕೆ ಸರಿ ಮಾಡಿಸಿಲ್ಲ?

ಬರ್ಲಿನ್_ಸೊಸೆ
ಊರಿಂದ ಅತ್ತೆ ಮಾವ ಬಂದಿದ್ದಾರೆ. ನಿನ್ನೆ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಝೂ ಸ್ಟೇಷನ್ ಹತ್ತಿರ ತುದಿ ಮುರಿದ ಗೋಪುರ ಇದೆಯಲ್ಲ, ಅದೇ. 1895ರಲ್ಲಿ ಬಾಗಿಲು ತೆರೆದ ಚರ್ಚು. ಗೋಪುರ 113 ಮೀಟರ್ ಇತ್ತಂತೆ. 1943ರ ನವೆಂಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದಾಗ ಹೊತ್ತಿ ಉರಿಯಿತು. ಈಗ ಉಳಿದಿರುವುದು ಸುಮಾರು 70 ಮೀಟರ್.

ಒಳಗೆ ಗೋಪುರದ ಬುಡದಲ್ಲಿ ಒಂದು ಹಜಾರ ಉಳಿದಿದೆ. ಚಾವಣಿ ತುಂಬಾ ಚಿನ್ನದ ಬಣ್ಣದ ಮೊಸಾಯಿಕ್. ರಾಜ ರಾಣಿಯರ ಮೆರವಣಿಗೆ. ಅದರ ಮೇಲೇ ಬಿರುಕುಗಳು ಹರಿದಿವೆ. ಅತ್ತೆ ಕತ್ತೆತ್ತಿ ನೋಡುತ್ತಾ ಸುಮ್ನೆ ನಿಂತುಬಿಟ್ಟರು. ಮಾವ ಮೂವತ್ತು ವರ್ಷ ಕಟ್ಟಡದ ಕಂಟ್ರಾಕ್ಟ್ ಮಾಡಿದವರು. ಅವರು ಕೇಳಿದ್ದು ಒಂದೇ: "ಇಷ್ಟು ದುಡ್ಡಿರೋ ದೇಶ, ಒಂದು ಗೋಪುರ ಸರಿ ಮಾಡಿಸೋಕಾಗಲ್ವೇನಮ್ಮ?" ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದವರು ಹೇಳಿ.

ಡ್ರೆಸ್ಡೆನ್_ಕನ್ನಡಿಗ
ನಿಮ್ಮ ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಮನಸ್ಸು ಮಾಡಿದರೆ ಖಂಡಿತ ಆಗುತ್ತೆ. ನಮ್ಮ ಊರು ಡ್ರೆಸ್ಡೆನ್ನಿನ ಫ್ರೌವೆನ್‌ಕಿರ್ಷೆ ಚರ್ಚು ನೋಡಿ. 1945ರ ಫೆಬ್ರವರಿ 13ರ ರಾತ್ರಿ ಊರಿಗೆ ಬಾಂಬ್ ಬಿತ್ತು. ಎರಡು ದಿನ ಬೆಂಕಿಯಲ್ಲಿ ಕಾದು, 15ರ ಬೆಳಿಗ್ಗೆ ಆ ಕಲ್ಲಿನ ಗುಮ್ಮಟ ಕುಸಿಯಿತು. ನಲವತ್ತೈದು ವರ್ಷ ಕಲ್ಲಿನ ಗುಡ್ಡೆಯಾಗಿ ಬಿದ್ದಿತ್ತು. ಆಮೇಲೆ ಊರಿನವರೇ ಮುಂದೆ ಬಂದರು. 1994ರಲ್ಲಿ ಕಟ್ಟೋಕೆ ಶುರು ಮಾಡಿ 2005ರಲ್ಲಿ ಮುಗಿಸಿದರು. ಸುಮಾರು 18 ಕೋಟಿ ಯೂರೋ ಖರ್ಚು, ಅರ್ಧಕ್ಕಿಂತ ಜಾಸ್ತಿ ದಾನದ ಹಣ.

ಹಾಗಂತ ಬಾಂಬಿನ ನೆನಪು ಅಳಿಸಿಹೋಗಿಲ್ಲ. ಗುಡ್ಡೆಯಲ್ಲಿ ಸಿಕ್ಕಿದ ಹಳೇ ಕಲ್ಲುಗಳನ್ನು ಗೋಡೆಗೆ ಮತ್ತೆ ಕೂಡಿಸಿದ್ದಾರೆ. ಅವು ಕಪ್ಪು, ಹೊಸವು ತಿಳಿ ಹಳದಿ. ದೂರದಿಂದಲೇ ಕಾಣುತ್ತೆ. ಗುಮ್ಮಟದ ಮೇಲಿನ ಶಿಲುಬೆ ಲಂಡನ್ನಿನಲ್ಲಿ ತಯಾರಾಯಿತು. ಅದನ್ನು ಮಾಡಿದ ಅಕ್ಕಸಾಲಿಗನ ತಂದೆ ಡ್ರೆಸ್ಡೆನ್ ಮೇಲೆ ಬಾಂಬ್ ಹಾಕಿದ ಪೈಲಟ್‌ಗಳಲ್ಲಿ ಒಬ್ಬ. ಮುರಿದದ್ದನ್ನು ಮುರಿದೇ ಇಡುವುದಕ್ಕಿಂತ ಇದು ದೊಡ್ಡದು ಅಂತ ನನ್ನ ನಂಬಿಕೆ.

ಹೊಸಪೇಟೆ_ಹುಡುಗಿ
ನಾನು ಒಪ್ಪಲ್ಲ ಸರ್. ಡ್ರೆಸ್ಡೆನ್ನಿಗೆ ಅದು ಸರಿ ಇರಬಹುದು, ಬರ್ಲಿನ್ನಿನ ಕಥೆ ಬೇರೆ. ನಾಲ್ಕು ವರ್ಷ ಅಲ್ಲಿದ್ದೆ, ದಿನಾ ಆ ಗೋಪುರದ ಪಕ್ಕ ಬಸ್ ಹತ್ತುತ್ತಿದ್ದೆ.

ಅದು ಸುಮ್ನೆ ಹಾಳುಬಿದ್ದು ಉಳಿದದ್ದಲ್ಲ. 1957ರಲ್ಲಿ ಹೊಸ ಚರ್ಚಿನ ಸ್ಪರ್ಧೆ ಗೆದ್ದ ವಾಸ್ತುಶಿಲ್ಪಿ ಎಗೊನ್ ಐಯರ್ಮನ್ ಗೋಪುರವನ್ನು ಪೂರ್ತಿ ಕೆಡವಿ ಹೊಸದು ಕಟ್ಟಬೇಕು ಅಂದಿದ್ದರು. ಊರಿನ ಜನ ಬಿಡಲಿಲ್ಲ. ಪತ್ರಿಕೆಗಳಿಗೆ ರಾಶಿ ರಾಶಿ ಪತ್ರ ಬರೆದರು. ಆ ಗೋಪುರಕ್ಕೆ ಅವರು "ಹುಳುಕು ಹಲ್ಲು" ಅಂತ ಅಡ್ಡಹೆಸರು ಇಟ್ಟಿದ್ದಾರೆ, ಆದರೂ ಕೀಳಿಸಲು ಒಪ್ಪಲಿಲ್ಲ. ಕೊನೆಗೆ ಐಯರ್ಮನ್ ಮುರಿದ ಗೋಪುರವನ್ನು ನಡುವೆ ಇಟ್ಟುಕೊಂಡೇ ಸುತ್ತ ಹೊಸದು ಕಟ್ಟಿದರು. ಹಾಗಾಗಿ ದುಡ್ಡಿಲ್ಲದೆ ಬಿಟ್ಟದ್ದಲ್ಲ, ಬೇಕು ಅಂತ ಹಟ ಹಿಡಿದು ಉಳಿಸಿಕೊಂಡದ್ದು. ಮಾವನವರಿಗೆ ಇದನ್ನೇ ಹೇಳಿ ಅಕ್ಕ.

ಇನ್ನೊಂದು ಮಾತು. ಅದನ್ನು ಕಟ್ಟಿಸಿದ್ದು ಎರಡನೇ ವಿಲ್ಹೆಲ್ಮ್, ತನ್ನ ತಾತನ ಹೆಸರಲ್ಲಿ. ಆ ಮೊಸಾಯಿಕ್ ತುಂಬಾ ಅವನ ಮನೆತನದವರೇ. ಇದ್ದ ಹಾಗೇ ಮತ್ತೆ ಕಟ್ಟಿದರೆ ಚಕ್ರವರ್ತಿಯ ಹೊಗಳಿಕೆಯನ್ನೂ ಮತ್ತೆ ಕಟ್ಟಿದ ಹಾಗಲ್ವಾ?

ಕುಡ್ಲದ_ಮಗ
ಚಕ್ರವರ್ತಿ ಯಾರೇ ಆಗಿರಲಿ, ನನ್ನಂಥ ಭಕ್ತನಿಗೆ ಚರ್ಚ್ ಅಂದರೆ ಪ್ರಾರ್ಥನೆಯ ಜಾಗ. ಭಾನುವಾರ ಪೂಜೆಗೆ ಹೋಗಿ ಬೆಳೆದವನು ನಾನು. ಮುರಿದ ಚರ್ಚಿನ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುವುದು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಆದರೆ 2019ರಲ್ಲಿ ನಾನೂ ಹೋಗಿದ್ದೆ. ಪಕ್ಕದ ಹೊಸ ಚರ್ಚಿನೊಳಗೆ ಕಾಲಿಟ್ಟ ಕ್ಷಣ ಮರೆಯೋಕಾಗಲ್ಲ. ಹೊರಗಿಂದ ಬೂದು ಬಣ್ಣದ ಕಾಂಕ್ರೀಟ್ ಡಬ್ಬಿ, ಜೇನುಗೂಡಿನ ಹಾಗೆ ತೂತು ತೂತು. ಒಳಗೆ ಹೋದರೆ ಎಂಟೂ ಕಡೆ ನೀಲಿ. 20,000ಕ್ಕಿಂತ ಜಾಸ್ತಿ ಗಾಜಿನ ತುಂಡುಗಳು. ಫ್ರಾನ್ಸಿನ ಶಾರ್ಟ್ರ್‌ನ ಗೇಬ್ರಿಯಲ್ ಲೋಯರ್ ಮಾಡಿಕೊಟ್ಟದ್ದು. ಗೋಡೆ ಎರಡು ಪದರ, ನಡುವೆ ದೀಪ ಇಟ್ಟಿದ್ದಾರೆ. ಹೊರಗೆ ಅಷ್ಟು ಟ್ರಾಫಿಕ್ ಇದ್ದರೂ ಒಳಗೆ ಸದ್ದು ಇಲ್ಲ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವರ ಬಿಳಿ ಕೂದಲು, ಕೈ, ಎಲ್ಲ ನೀಲಿಯಾಗಿ ಕಾಣುತ್ತಿತ್ತು. ಅಲ್ಲಿ ನಾನು ಪೂರ್ತಿ ಜಪಮಾಲೆ ಹೇಳಿದೆ.

ಹಾಗಾಗಿ ನನ್ನ ಮಾತು ಇಷ್ಟೇ. ಪಕ್ಕದಲ್ಲಿ ಪ್ರಾರ್ಥನೆ ನಡೆಯುವ ಜಾಗ ಇದೆ, ಅದಕ್ಕೇ ಆ ಮುರಿದ ಗೋಪುರ ನನಗೆ ಸಹ್ಯ. ಅದೊಂದೇ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಕಟ್ಟಡ_ರಿಪೇರಿ
ಮಾವನವರು ಕಂಟ್ರಾಕ್ಟರ್ ಅಂದ್ರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಹಳೇ ಕಲ್ಲು ಕಟ್ಟಡಗಳ ದುರಸ್ತಿ ಮಾಡುವವನು. ಮುರಿದ ಕಟ್ಟಡವನ್ನು ಮುರಿದ ಹಾಗೇ ನಿಲ್ಲಿಸುವುದು ಸುಲಭ ಅಂದುಕೊಳ್ಳಬೇಡಿ. ಗೋಡೆಯ ತಲೆ ತೆರೆದುಕೊಂಡಿರುತ್ತೆ. ಮಳೆ ನೀರು ಸಂದಿಗೆ ಇಳಿಯುತ್ತೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗುತ್ತೆ, ಕಲ್ಲನ್ನು ಒಳಗಿಂದ ಸೀಳುತ್ತೆ. ಹೀಗೆ ಪ್ರತಿ ವರ್ಷ. 2010ರ ನಂತರ ಆ ಗೋಪುರವನ್ನು ಪೂರ್ತಿ ಮುಚ್ಚಿ ರಿಪೇರಿ ಮಾಡಿದರು, ನೋಡೋಕೆ ಬಂದವರಿಗೆ ಗೋಪುರವೇ ಕಾಣುತ್ತಿರಲಿಲ್ಲ. ಗಾಯ ಮುಚ್ಚಬಾರದು, ಕಲ್ಲು ಉದುರಲೂಬಾರದು. ಇದು ಹೊಸದು ಕಟ್ಟುವುದಕ್ಕಿಂತ ನಾಜೂಕಿನ ಕೆಲಸ.

ಡ್ರೆಸ್ಡೆನ್_ಕನ್ನಡಿಗ
ಜನರೇ ಉಳಿಸಿಕೊಂಡದ್ದು ನನಗೆ ಗೊತ್ತಿರಲಿಲ್ಲ ಮೇಡಂ, ಥ್ಯಾಂಕ್ಸ್. ಆದರೂ ಒಂದು ಅಳುಕಿದೆ. ಜರ್ಮನಿ ತನ್ನ ಮೇಲೆ ಬಿದ್ದ ಬಾಂಬನ್ನು ಮಾತ್ರ ನೆನೆದುಕೊಂಡು ಕೂತರೆ? ಯುದ್ಧ ಶುರು ಮಾಡಿದವರು ಯಾರು? ನಮ್ಮ ಊರಿನಲ್ಲಿ ಪ್ರತಿ ಫೆಬ್ರವರಿ ಇದೇ ಜಗಳ.

ಹೊಸಪೇಟೆ_ಹುಡುಗಿ
ಅದಕ್ಕೆ ಉತ್ತರ ಆ ಹಜಾರದೊಳಗೇ ಇದೆ ಸರ್. ಒಂದು ಚಿಕ್ಕ ಮೊಳೆಯ ಶಿಲುಬೆ. ಇಂಗ್ಲೆಂಡಿನ ಕೊವೆಂಟ್ರಿಯಿಂದ ಬಂದದ್ದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕೊವೆಂಟ್ರಿಯ ಕೆಥೀಡ್ರಲ್ ಸುಟ್ಟವು. ಸುಟ್ಟ ಸೂರಿನ ಹಳೇ ಮೊಳೆಗಳಿಂದ ಅಲ್ಲಿನವರು ಶಿಲುಬೆ ಮಾಡಿದರು. ಅಂಥ ಒಂದು ಮೊಳೆಯ ಶಿಲುಬೆ ಈಗ ಬರ್ಲಿನ್ನಿನಲ್ಲಿದೆ. ಜರ್ಮನಿಯೂ ಬೇರೆಯವರ ಮೇಲೆ ಬಾಂಬ್ ಹಾಕಿತ್ತು ಅನ್ನೋದು ಅಲ್ಲೇ ಕಣ್ಣೆದುರು ಇದೆ.

ಹೊಸ ಚರ್ಚಿನೊಳಗೆ ಇದ್ದಿಲಿನಲ್ಲಿ ಬರೆದ ಒಂದು ಚಿತ್ರವೂ ಇದೆ. 1942ರ ಕ್ರಿಸ್‌ಮಸ್‌ಗೆ ಸ್ಟಾಲಿನ್‌ಗ್ರಾಡ್ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ ಜರ್ಮನ್ ಸೇನಾ ವೈದ್ಯ ಕುರ್ಟ್ ರಾಯ್ಬರ್, ರಷ್ಯದ ನಕಾಶೆಯೊಂದರ ಹಿಂಬದಿಯಲ್ಲಿ ಬರೆದದ್ದು. ಸೆರಗಿನೊಳಗೆ ಮಗುವನ್ನು ಮುಚ್ಚಿಕೊಂಡ ತಾಯಿ. ಪಕ್ಕದಲ್ಲಿ "ಬೆಳಕು, ಬದುಕು, ಪ್ರೀತಿ" ಅಂತ ಬರೆದಿದೆ. ಅವರು ವಾಪಸ್ ಬರಲಿಲ್ಲ, 1944ರಲ್ಲಿ ಸೆರೆಯಲ್ಲೇ ತೀರಿಕೊಂಡರು.

ನಾನು ಹಂಪಿ ಪಕ್ಕದಲ್ಲೇ ಬೆಳೆದವಳು. ಉಗ್ರನರಸಿಂಹನ ತೊಡೆಯ ಮೇಲೆ ಲಕ್ಷ್ಮಿ ಇಲ್ಲ, ಅವನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಚಿಕ್ಕವಳಿದ್ದಾಗ ಅಜ್ಜಿ ಹಿಂದೆ ಕರೆದುಕೊಂಡು ಹೋಗಿ ಆ ಕೈ ತೋರಿಸಿದ್ದರು. ಹೊಸ ಲಕ್ಷ್ಮಿಯನ್ನು ಕೆತ್ತಿ ಕೂರಿಸಿದ್ದರೆ ಅಜ್ಜಿಗೆ ಏನು ತೋರಿಸೋಕೆ ಇರ್ತಿತ್ತು?

ಡ್ರೆಸ್ಡೆನ್_ಕನ್ನಡಿಗ
ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಗಂಟೆ ಹೊಡೆಯುತ್ತೆ, ಅದೂ ಹಂಪಿಯೇ. ನನಗೆ ಆ ಗಂಟೆ ಬೇಕು. ಇಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ. ಮೊಳೆಯ ಶಿಲುಬೆ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ನನ್ನ ಅಳುಕು ಕಡಿಮೆ ಮಾಡಿತು.

ಕುಡ್ಲದ_ಮಗ
ಸೊಸೆ ಮೇಡಂ, ಮೆಟ್ಟಿಲಿನ ಮೇಲಿನ ಚಿನ್ನದ ಬಣ್ಣದ ಗೆರೆ ನೋಡಿದ್ರಾ? 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಕ್ರಿಸ್‌ಮಸ್ ಸಂತೆಗೆ ಉಗ್ರನೊಬ್ಬ ಲಾರಿ ನುಗ್ಗಿಸಿದ. ಸತ್ತವರ ಹೆಸರು ಮೆಟ್ಟಿಲ ಮುಖದಲ್ಲಿ ಕೆತ್ತಿದ್ದಾರೆ. ನೆಲ ಬಿರಿದ ಹಾಗೆ ಒಂದು ಸೀಳು ಮಾಡಿ, ಅದರೊಳಗೆ ಚಿನ್ನದ ಬಣ್ಣದ ಲೋಹ ತುಂಬಿದ್ದಾರೆ. ಅದರ ಪಕ್ಕ ಜನ ಈಗಲೂ ಮೇಣದಬತ್ತಿ ಇಡುತ್ತಾರೆ.

ಬರ್ಲಿನ್_ಸೊಸೆ
ಅಯ್ಯೋ, ಆ ಗೆರೆಯನ್ನು ನಾವು ನೋಡದೆ ದಾಟಿಬಿಟ್ಟಿದ್ದೇವೆ. ಮೊಳೆಯ ಶಿಲುಬೆಯನ್ನೂ ನೋಡಲಿಲ್ಲ. ಎಲ್ಲರ ಮಾತನ್ನೂ ಮಾವನಿಗೆ ಓದಿ ಹೇಳಿದೆ. ಚಳಿಗೆ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತೆ ಅನ್ನೋ ಕಡೆ ನಿಲ್ಲಿಸಿ, "ಗೋಡೆ ತಲೆಗೆ ಏನು ಹಾಕಿ ನೀರು ತಡೀತಾರೆ, ಕೇಳು" ಅಂದರು. ರಿಪೇರಿ ಸರ್, ಹೇಳ್ತೀರಾ? ಶನಿವಾರ ಮತ್ತೆ ಹೋಗುತ್ತಿದ್ದೇವೆ. ಅತ್ತೆ ಈಗಲೇ ಮೇಣದಬತ್ತಿ ತಂದು ಬ್ಯಾಗಿನಲ್ಲಿ ಇಟ್ಟಿದ್ದಾರೆ.