ರೇಷ್ಮೆ ಹುಳುವಿನ ‘ಜ್ವರ’: ಈ ಪದ ಹೇಗೆ ಬಂತು?

ಗೆಳೆಯರೇ, ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ವಿಜ್ಞಾನ ಹೇಳಿಕೊಡುವವನು. ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಇದಕ್ಕೆ ‘ಜ್ವರ’ ಅಂತಾರೆ. ಹುಳುವಿನ ವಯಸ್ಸನ್ನೂ ಇದರಲ್ಲೇ ಎಣಿಸುತ್ತಾರೆ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ತರುವುದು ಸಾಮಾನ್ಯವಾಗಿ ‘ಎರಡನೇ ಜ್ವರ ಎದ್ದ ಹುಳು’.

ಪಾಠದ ನಡುವೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ‘ಸಾರ್, ಹುಳುವಿಗೆ ನಿಜವಾಗಿ ಮೈ ಬಿಸಿ ಆಗುತ್ತಾ?’ ಉತ್ತರ ಹೇಳಿಬಿಡುವುದು ಸುಲಭವಿತ್ತು. ಹೇಳಲಿಲ್ಲ. ‘ನೋಡೋಣ, ಹೇಗೆ ನೋಡೋದು?’ ಅಂದೆ. ಮಕ್ಕಳೇ ಮನೆಯಿಂದ ಒಂದು ತಟ್ಟೆ ಹುಳು, ಹಿಪ್ಪುನೇರಳೆ ಸೊಪ್ಪು ತಂದರು. ಜ್ವರ ನೋಡುವ ಥರ್ಮಾಮೀಟರ್ 35 ಡಿಗ್ರಿಯಿಂದ ಶುರುವಾಗುತ್ತದೆ, ಅದು ಕೆಲಸಕ್ಕೆ ಬರಲಿಲ್ಲ. ಪ್ರಯೋಗಾಲಯದ್ದನ್ನು ಹುಳುಗಳ ನಡುವೆ ಇಟ್ಟರು. ಕೋಣೆಯಲ್ಲೂ 25, ತಟ್ಟೆಯಲ್ಲೂ 25. ಬಿಸಿ ಇಲ್ಲ! ಆದರೆ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಹೆಚ್ಚುಕಡಿಮೆ ಒಂದು ದಿನ ಅಲ್ಲಾಡದೆ ಕೂತಿದ್ದವು. ಆಮೇಲೆ ತಟ್ಟೆಯಲ್ಲಿ ಸುಕ್ಕಾದ ಪೊರೆಗಳು, ಜೊತೆಗೆ ಸಾಸಿವೆಗಿಂತ ಚಿಕ್ಕ ತಲೆಚಿಪ್ಪುಗಳು ಸಿಕ್ಕವು. ಭೂತಗನ್ನಡಿಗೆ ನೂಕುನುಗ್ಗಲು.

ಊಟ ಬಿಟ್ಟು ಸುಮ್ನೆ ಕೂತಿರುವುದನ್ನು ಕಂಡೇ ಹಿರಿಯರು ಜ್ವರ ಅಂದಿರಬಹುದು ಅಂತ ನನ್ನ ಊಹೆ. ಆದರೆ ಕ್ರಿಯಾಪದ ಗಮನಿಸಿ. ನಮಗೆ ಜ್ವರ ‘ಬರುತ್ತದೆ’, ‘ಬಿಡುತ್ತದೆ’. ಹುಳು ಮಾತ್ರ ಜ್ವರಕ್ಕೆ ‘ಕೂರುತ್ತದೆ’, ಜ್ವರದಿಂದ ‘ಏಳುತ್ತದೆ’. ಹೆಸರು ಕಾಯಿಲೆಯದ್ದು, ಕೂತು ಏಳುವ ಮಾತು ನಿದ್ದೆಗೆ ಹತ್ತಿರದ್ದು. ಹಾಗಾದರೆ ಇಲ್ಲಿ ‘ಜ್ವರ’ಕ್ಕೆ ಬೇರೆಯದೇ ಅರ್ಥ ಇದೆಯಾ? ಅಥವಾ ಹಾಸಿಗೆ ಹಿಡಿದವರು ‘ಎದ್ದರು’ ಅಂತೀವಲ್ಲ, ಆ ಬಳಕೆಯೇ ಇದು ಅಲ್ವಾ?

ಈ ಚಟುವಟಿಕೆಯನ್ನು ಬೇರೆ ಶಾಲೆಗಳಿಗೂ ಬರೆದುಕೊಡಬೇಕು. ‘ಪೊರೆ ಬಿಡುವುದು’ ಅಂತ ಮಾತ್ರ ಬರೆದರೆ ಅರ್ಥವೇನೋ ಸರಿಯಾಗುತ್ತದೆ, ಆದರೆ ಆ ಹುಡುಗಿಯ ಪ್ರಶ್ನೆ ಹುಟ್ಟಿದ್ದೇ ‘ಜ್ವರ’ದಿಂದ. ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ. ರಾಮನಗರ, ಕೊಳ್ಳೇಗಾಲದ ಕಡೆಯವರು ಇದಕ್ಕೆ ಏನಂತೀರಿ? ಮನೆಯಲ್ಲಿ ಹುಳು ಸಾಕಿದವರು ಆಡುವ ಮಾತನ್ನು ಹಾಗೇ ಬರೆದು ತಿಳಿಸಿ.