ಊರಿನ ಮನೆ ಕೆಡಹುವ ಮುನ್ನ: ಟ್ರಂಕಿನಲ್ಲಿ ಸಿಕ್ಕ ಫೋಟೊ, ಕಾಗದ, ಹಳೆಯ ವಸ್ತುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಚಿತ್ತಾಪುರದ ಮಗಳು:

ಎಲ್ಲರಿಗೂ ಶರಣು. ಚಿತ್ತಾಪುರ ತಾಲ್ಲೂಕಿನಲ್ಲಿರುವ ನಮ್ಮ ಮುತ್ಯಾನ (ಅಜ್ಜನ) ಮನೆಯನ್ನು ದೀಪಾವಳಿ ಮುಗಿದ ಮೇಲೆ ಕೆಡಹಬೇಕೆಂದು ಅಪ್ಪ ಮತ್ತು ಕಾಕಾಗಳು ನಿರ್ಧರಿಸಿದ್ದಾರೆ. ಶಹಾಬಾದ್ ಕಲ್ಲಿನ ಗೋಡೆ ಗಟ್ಟಿಯಾಗಿದ್ದರೂ ಮಣ್ಣಿನ ಮಾಳಿಗೆ ಸೋರಿ ಸೋರಿ ಪಡಸಾಲೆಯ ಜಂತಿಗಳು ಬಾಗಿರುವುದರಿಂದ ಅವರ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಕಳೆದ ವಾರ ಹೋಗಿ, ದೇವರ ಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿದ್ದ ಟ್ರಂಕೊಂದನ್ನು ಕಲಬುರಗಿಗೆ ತಂದಿದ್ದೇನೆ. ಅದರಲ್ಲಿ ಅರವತ್ತರಷ್ಟು ಕಪ್ಪು-ಬಿಳುಪು ಫೋಟೊಗಳು, ಉರ್ದುವಿನಲ್ಲಿ ಬರೆದ ಒಂದು ಕಟ್ಟು ಕಾಗದ, ಒಂದು ಬಿದರಿ ಪಾನ್‌ದಾನ್ (ಎಲೆ-ಅಡಿಕೆಯ ಡಬ್ಬಿ) ಮತ್ತು ಇಷ್ಟಲಿಂಗ ಇಡುವ ಮುತ್ಯಾನ ಬೆಳ್ಳಿಯ ಕರಡಿಗೆ ಇವೆ. ದೊಡ್ಡ ಫೋಟೊಗಳಲ್ಲಿ ಎರಡು ಚೌಕಟ್ಟಿನ ಗಾಜಿಗೇ ಅಂಟಿಕೊಂಡಿವೆ.

ನನ್ನನ್ನು ಬಹಳವಾಗಿ ಕಾಡುತ್ತಿರುವುದು ಅಂಗೈಯಗಲದ ಒಂದು ಫೋಟೊ. ಇದೇ ಮನೆಯ ತಲೆಬಾಗಿಲ ಮುಂದೆ ಹದಿಮೂರು-ಹದಿನಾಲ್ಕರ ಹುಡುಗಿಯೊಬ್ಬಳು ಬಲಗೈಯಿಂದ ಎಡಗೈಯ ಬಳೆಗಳನ್ನು ಮುಚ್ಚಿಕೊಂಡು ನಿಂತಿದ್ದಾಳೆ. ಅವಳು ಯಾರೆಂದು ಅಪ್ಪನಿಗೂ ಗೊತ್ತಿಲ್ಲ, ಕಾಕಾಗಳಿಗೂ ಗೊತ್ತಿಲ್ಲ. ಹಿಂಬದಿಯಲ್ಲಿ ಉರ್ದುವಿನ ಒಂದು ಸಾಲು, ಅದರ ಕೊನೆಗೆ 1347 ಎಂಬ ಅಂಕಿ ಇದೆಯೆಂದು ನೆರೆಮನೆಯ ಚಾಚಾ ಓದಿ ಹೇಳಿದರು. ಇದು ಯಾವ ಇಸವಿ? ನನ್ನ ಕೈಯಲ್ಲಿ ಇನ್ನು ಆರು ವಾರಗಳಿವೆ. ಯಾವ ಕೆಲಸವನ್ನು ಮೊದಲು ಮಾಡಬೇಕು?

ಬೀದರ್ ಕೋಟೆ ಓಣಿ:

ಅಕ್ಕಾರೆ, ಗಾಜಿಗೆ ಅಂಟಿದ ಫೋಟೊಗಳನ್ನು ದಯವಿಟ್ಟು ಬಿಡಿಸಲು ಹೋಗಬೇಡಿ. ನಮ್ಮ ಆಯಿಯ ಮದುವೆಯ ಫೋಟೊವನ್ನು ನಾನು ತೆಳುವಾದ ಚಾಕುವಿನಿಂದ ಎಬ್ಬಿಸಲು ಹೋಗಿ, ಆಕೆಯ ಮುಖದ ಅರ್ಧಭಾಗ ಗಾಜಿನ ಮೇಲೆಯೇ ಉಳಿದುಹೋಯಿತು. ಚಿತ್ರವಿರುವುದು ಕಾಗದದ ಮೇಲೆ ಬಳಿದ ಜಿಲಾಟಿನ್ ಪದರದಲ್ಲಿ. ತೇವ ತಗಲಿದಾಗ ಆ ಪದರ ಉಬ್ಬಿ ಗಾಜನ್ನು ಕಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಗಾಜಿನ ಸಮೇತವೇ ಇಟ್ಟುಕೊಳ್ಳಿ.

ಉಳಿದ ಫೋಟೊಗಳನ್ನು 600 ಡಿಪಿಐಗೆ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಅಳತೆ) ಕಡಿಮೆಯಿಲ್ಲದಂತೆ, ತೀರ ಚಿಕ್ಕವನ್ನು 1200 ಡಿಪಿಐನಲ್ಲಿ, ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಹಿಂಬದಿಯ ಸ್ಟುಡಿಯೊ ಮುದ್ರೆ ಮತ್ತು ಕೈಬರಹ ಎಷ್ಟೋ ಸಲ ಮುಂಬದಿಗಿಂತ ಹೆಚ್ಚು ಹೇಳುತ್ತವೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುವುದರಿಂದ ಮನೆಮಂದಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಹೆಸರು ಬರೆಯುವುದಿದ್ದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ, ಬಾಲ್‌ಪೆನ್ ಬೇಡ. ಅಂಟುಹಾಳೆಯ ಆಲ್ಬಮ್ಮೂ ಬೇಡ. ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಸಿಲು ಕಾಯುವ ಗೋಡೆಗೆ ತಾಗದ ಅಲ್ಮಾರಿಯಲ್ಲಿಡಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಅಟ್ಟದ ಮೇಲಿಟ್ಟ ಫೋಟೊ ಉಳಿಯುವುದಿಲ್ಲ. ಉರ್ದು ಕಾಗದಗಳನ್ನು ಯಾರು ಹೇಳಿದರೂ ಲ್ಯಾಮಿನೇಶನ್ ಮಾಡಿಸಬೇಡಿ.

ಪಾನ್‌ದಾನಿಗೆ ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಬಾರದು. ಬಿದರಿಯ ಕಪ್ಪು ಕೊಳೆಯಲ್ಲ: ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿದ ನೀರಿನಿಂದ ಬರಿಸಿದ ಬಣ್ಣ ಅದು. ಹುಳಿ ಹಾಕಿ ತಿಕ್ಕಿದರೆ ಆ ಕಪ್ಪೇ ಹೋಗಿ ಬೂದುಬಣ್ಣದ ಲೋಹ ಉಳಿಯುತ್ತದೆ. ಒಣ ಹತ್ತಿ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಹಳೆ ಕಾಗದ ಓದುವವ:

1347 ಎಂಬ ಅಂಕಿಯನ್ನು ಎರಡು ರೀತಿಯಲ್ಲಿ ಓದಬಹುದಾಗಿದ್ದು, ಎರಡರ ನಡುವೆ ಸುಮಾರು ಒಂಬತ್ತು ವರ್ಷಗಳ ಅಂತರವಿದೆ. ಹಿಜರಿ ಎಂದಾದರೆ ಅದು 1928-29. ನಿಜಾಮರ ಸರ್ಕಾರ ಬಳಸುತ್ತಿದ್ದ ಫಸಲಿ ಎಂದಾದರೆ 1937-38. ಅಂಕಿಯ ಪಕ್ಕದಲ್ಲಿ ‘ಫೆ’ ಅಕ್ಷರವಿದ್ದರೆ ಫಸಲಿ, ‘ಹೆ’ ಇದ್ದರೆ ಹಿಜರಿ. ಅಕ್ಷರ ಅಳಿಸಿದ್ದರೆ ತಿಂಗಳ ಹೆಸರನ್ನು ನೋಡಿ: ರಜಬ್, ಸಫರ್, ಮೊಹರಂ ಹಿಜರಿಯವು, ಆಜೂರ್, ಬಹಮನ್, ಖುರ್ದಾದ್, ತೀರ್ ಫಸಲಿಯವು. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿದ್ದುದರಿಂದ, ಡಿಸೆಂಬರ್‌ವರೆಗಿನ ತಾರೀಖಿಗೆ 590, ಅದರ ನಂತರದ್ದಕ್ಕೆ 591 ಕೂಡಿಸಬೇಕು.

ಕಾಗದದ ಕಟ್ಟನ್ನು ಹಗುರವಾಗಿ ಎಣಿಸಬೇಡಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ನಮ್ಮ ಕಡೆಯ ಮನೆ-ಹೊಲದ ದಾಖಲೆಗಳು ಬಹುಪಾಲು ಉರ್ದುವಿನಲ್ಲಿಯೇ ಇವೆ. ನಮ್ಮ ಪೀಳಿಗೆಗೆ ಆ ಲಿಪಿ ಬಾರದೆ ಎಷ್ಟೋ ಮನೆಗಳಲ್ಲಿ ಅವು ರದ್ದಿಗೆ ಹೋಗಿವೆ. ಕಾಗದಗಳ ಕ್ರಮವನ್ನು ಕದಲಿಸದೆ, ಕಟ್ಟಿದ ದಾರವನ್ನೂ ಎಸೆಯದೆ, ಬಲ್ಲವರ ಎದುರಿಗೆ ಬಿಚ್ಚಿ.

ಯಾದಗಿರಿ ದಾರಿ:

ಕೋಟೆ ಓಣಿಯ ಅಣ್ಣಾವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಸ್ಕ್ಯಾನಿಂಗ್ ಮೊದಲ ಕೆಲಸವೆಂದು ನನಗನ್ನಿಸುವುದಿಲ್ಲ. ಟ್ರಂಕು ಇಷ್ಟು ವರ್ಷ ಕಾದಿದೆ, ಇನ್ನೂ ಆರು ತಿಂಗಳು ಕಾಯುತ್ತದೆ. ಹಿರಿಯರು ಕಾಯುವುದಿಲ್ಲ. ಮುತ್ಯಾನ ತಲೆಮಾರಿನವರು ಯಾರಾದರೂ ಬದುಕಿದ್ದರೆ ಈ ಭಾನುವಾರವೇ ಹೋಗಿ. ಇತಿಹಾಸ ಹೇಳಿ ಎಂದು ಕೇಳಿದರೆ ಅವರಿಗೆ ಮಾತೇ ಹೊರಡುವುದಿಲ್ಲ. ಒಂದೊಂದೇ ಫೋಟೊವನ್ನು ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ, ಪಾನ್‌ದಾನನ್ನು ತೊಡೆಯ ಮೇಲಿಡಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುತ್ತಿದ್ದ ಹೆಳವರು ನಿಮ್ಮ ಊರಿಗೂ ಬರುತ್ತಿದ್ದರೇ ಎಂದೂ ಕೇಳಿ; ನಮ್ಮ ಮನೆಯ ಏಳು ತಲೆಮಾರಿನ ಹೆಸರುಗಳು ನಮಗೆ ದೊರೆತದ್ದು ಅವರ ಬಾಯಿಂದಲೇ.

ಮನೆಯ ವಿಷಯದಲ್ಲಿ ನಾವು ಮಾಡದೆ ಬಿಟ್ಟದ್ದನ್ನು ನೀವು ಮಾಡಿ. ಎಷ್ಟು ಅಂಕಣದ ಮನೆ, ಪಡಸಾಲೆ ಎಷ್ಟು ಹೆಜ್ಜೆ, ಬೀಸುವ ಕಲ್ಲು ಎಲ್ಲಿತ್ತು, ಬಾಣಂತಿ ಕೋಣೆ ಯಾವುದು, ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ) ಬಾಯಿ ಎಲ್ಲಿತ್ತು ಎಂಬುದನ್ನೆಲ್ಲ ಟೇಪು ಹಿಡಿದು ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಿ. ಪ್ರತಿ ಕೋಣೆಯ ಫೋಟೊವನ್ನು ನಾಲ್ಕು ಮೂಲೆಗಳಿಂದಲೂ ತೆಗೆಯಿರಿ. ನಮ್ಮ ಮನೆ ಹೋಗಿ ಒಂಬತ್ತು ವರ್ಷವಾಯಿತು. ಅಡುಗೆಮನೆಯ ಬೆಳಕಿಂಡಿ ಒಲೆಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ನಾನೂ ನನ್ನ ತಂಗಿಯೂ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹಾಗೆಯೇ, ತಲೆಬಾಗಿಲನ್ನು ಹೊಸ್ತಿಲ ಸಮೇತ ಬಿಚ್ಚಿಸಿ ಹೊಸ ಮನೆಗೆ ಕೂರಿಸಲು ಸಾಧ್ಯವೇ ಎಂದು ಬಡಿಗರನ್ನು ಈಗಲೇ ಕೇಳಿ. ಕೆಡಹುವ ಗುತ್ತಿಗೆ ಕೊಟ್ಟ ಮೇಲೆ ಕಟ್ಟಿಗೆಯೆಲ್ಲ ಗುತ್ತಿಗೆದಾರರ ಪಾಲಾಗುತ್ತದೆ.

ಚಿತ್ತಾಪುರದ ಮಗಳು:

ಮೂವರಿಗೂ ಶರಣು. ಭಾನುವಾರ ಭಾಲ್ಕಿಗೆ ಹೋಗಿ, ಮುತ್ಯಾನ ತಂಗಿಯನ್ನು ಕಂಡು ಬಂದೆ. ಆಕೆಗೆ ತೊಂಬತ್ತರ ಹತ್ತಿರ. ಅಂಕಿಯ ಪಕ್ಕದಲ್ಲಿರುವುದು ‘ಫೆ’ ಎಂದೂ, ತಿಂಗಳು ಖುರ್ದಾದ್ ಎಂದೂ ಚಾಚಾ ಮತ್ತೆ ನೋಡಿ ಹೇಳಿದರು. ಅಂದರೆ 1938ರ ಏಪ್ರಿಲ್ ಆಸುಪಾಸು.

ಫೋಟೊವನ್ನು ಕೈಗಿಟ್ಟಾಗ ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಹುಡುಗಿಯ ಕೈಯನ್ನು ಸವರಿ, ‘ನಮ್ಮ ಅಕ್ಕ’ ಎಂದರು. ಮದುವೆಯಾದ ಎರಡನೆಯ ವರ್ಷ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳಂತೆ. ಅವಳ ಹೆಸರನ್ನು ನಮ್ಮ ಮನೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಫೋಟೊ ತೆಗೆಯುವವನು ಬಂದ ದಿನ ಬೆಳಗ್ಗೆ ನೀರು ಸೇದುವಾಗ ಅವಳ ಎಡಗೈಯ ಎರಡು ಬಳೆಗಳು ಒಡೆದಿದ್ದವೆಂದೂ, ಬರಿದಾದ ಜಾಗ ಕಾಣಬಾರದೆಂದು ಕೈ ಮುಚ್ಚಿಕೊಂಡಳೆಂದೂ ತಮ್ಮ ಅವ್ವ ಹೇಳುತ್ತಿದ್ದುದನ್ನು ಆಯಿ ನೆನಪಿಸಿಕೊಂಡರು. ಹಿಂಬದಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆದಿದ್ದೇನೆ. ಬಡಿಗರು ಗುರುವಾರ ಊರಿಗೆ ಬಂದು ಬಾಗಿಲು ನೋಡಲಿದ್ದಾರೆ.