ಗುಳಿಗೆಗೆ ಬಗ್ಗದ ಬಿಪಿ: ಕಿಡ್ನಿ ನರ ಸುಡುವ ಚಿಕಿತ್ಸೆ ಎಷ್ಟು ವರ್ಷ ಕೆಲಸ ಮಾಡುತ್ತದೆ?

ಪ್ರಶ್ನೆ (ಇಳಕಲ್‌ನಿಂದ):
ಡಾಕ್ಟರ್ ಸಾಹೇಬ್ರೇ, ನಮಸ್ಕಾರ ರೀ. ನಮ್ಮವ್ವನಿಗೆ 61 ವರ್ಷ. ನಾಲ್ಕು ಥರದ ಬಿಪಿ ಗುಳಿಗೆ ನುಂಗಿದರೂ ಮೇಲಿನ ಬಿಪಿ 170ರಿಂದ ಇಳಿಯುತ್ತಿಲ್ಲ. ಬೆಳಗಾವಿಯ ನಮ್ಮ ಸೋದರಮಾವ, “ಕಿಡ್ನಿಗೆ ಹೋಗುವ ನರ ಸುಟ್ಟುಬಿಡುತ್ತಾರಂತೆ, ಆಮೇಲೆ ಗುಳಿಗೆನೇ ಬೇಡ” ಅನ್ನುತ್ತಿದ್ದಾರೆ. ನಿಜವೇನ್ರಿ? ಎಷ್ಟು ವರ್ಷ ಗುಣ ಇರುತ್ತದೆ? ಸಾಲ ಮಾಡಿಯಾದರೂ ಮಾಡಿಸುತ್ತೇವೆ.

ಉತ್ತರ (ಹೃದ್ರೋಗ ವೈದ್ಯರು, ಬಾಗಲಕೋಟೆ):
ತಮ್ಮಾ, ಸಾಲದ ಮಾತು ಸದ್ಯಕ್ಕೆ ಬೇಡ. ನರ ಸುಡುವುದು ನಿಜ. ಗುಳಿಗೆ ಬೇಡವಾಗುತ್ತದೆ ಅನ್ನುವುದು ತಪ್ಪು. ಹೆಚ್ಚಿನವರಿಗೆ ಗುಳಿಗೆ ಮುಂದುವರಿಯುತ್ತದೆ.

ಇದಕ್ಕೆ ರೆನಲ್ ಡಿನರ್ವೇಶನ್ ಅನ್ನುತ್ತಾರೆ. ಕಿಡ್ನಿಯ ರಕ್ತನಾಳದ ಸುತ್ತ ಸಣ್ಣ ನರಗಳಿವೆ. ಅವು ಅತಿಯಾಗಿ ಚುರುಕಾದರೆ ಕಿಡ್ನಿ ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ರೇಡಿಯೋ ತರಂಗದಿಂದಲೋ ಅಲ್ಟ್ರಾಸೌಂಡ್‌ನಿಂದಲೋ ಆ ನರಗಳನ್ನು ಸುಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ.

ಇನ್ನು ಗುಣದ ಮಾತು. 2009ರಲ್ಲಿ ಮೊದಲ ಫಲಿತಾಂಶ ಬಂದಾಗ ವೈದ್ಯರಿಗೆಲ್ಲ ಭಾರಿ ಹುರುಪಿತ್ತು. 2014ರಲ್ಲಿ ಅಮೆರಿಕದಲ್ಲಿ 535 ಜನರ ಮೇಲೆ ನಡೆದ ಸಿಂಪ್ಲಿಸಿಟಿ ಎಚ್‌ಟಿಎನ್-3 ಪ್ರಯೋಗ ಅದಕ್ಕೆ ತಣ್ಣೀರು ಎರಚಿತು. ಅಲ್ಲಿ ಕೆಲವರಿಗೆ ನಿಜವಾಗಿ ನರ ಸುಟ್ಟರು, ಉಳಿದವರಿಗೆ ಪರೀಕ್ಷೆ ಮಾತ್ರ ಮಾಡಿ ಕಳಿಸಿದರು. ಯಾರಿಗೆ ಏನಾಗಿದೆ ಎಂದು ರೋಗಿಗಳಿಗೆ ಹೇಳಲಿಲ್ಲ. ಆರು ತಿಂಗಳಿಗೆ ಮೇಲಿನ ಬಿಪಿ ಸುಟ್ಟವರಲ್ಲಿ ಸುಮಾರು 14, ಸುಡದವರಲ್ಲಿ ಸುಮಾರು 12 ಇಳಿದಿತ್ತು. ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಈ ಥರ ಹೋಲಿಸಿ ನೋಡದ ಯಾವ ದೊಡ್ಡ ಅಂಕಿಯನ್ನೂ ನಾನು ನಂಬುವುದಿಲ್ಲ.

ಆಮೇಲೆ ಉಪಕರಣ ಸುಧಾರಿಸಿತು, ಕವಲು ನಾಳಗಳಲ್ಲೂ ಸುಡತೊಡಗಿದರು. ಸ್ಪೈರಲ್ ಆನ್-ಮೆಡ್ ಪ್ರಯೋಗದ 80 ಜನರನ್ನು ಮೂರು ವರ್ಷ ನೋಡಿದರು. ತೋಳಿಗೆ ಯಂತ್ರ ಕಟ್ಟಿ ಹಗಲು-ರಾತ್ರಿ ಅಳೆದ 24 ಗಂಟೆಯ ಸರಾಸರಿ ಮೇಲಿನ ಬಿಪಿ, ಸುಟ್ಟವರಲ್ಲಿ 18.7 ಇಳಿದಿತ್ತು, ಸುಡದವರಲ್ಲಿ 8.6. ಅಂದರೆ ಗುಣ ಮಾಸಿಲ್ಲ, ವ್ಯತ್ಯಾಸ ಸುಮಾರು 10. ನಿಮ್ಮವ್ವನಿಗೂ ಹಾಗೇ ಆದರೆ 170 ಇದ್ದದ್ದು 160ಕ್ಕೆ ಬಂದ ಹಾಗೆ. ಇದು ಸಣ್ಣದಲ್ಲ. ಮೇಲಿನ ಬಿಪಿ 10 ಇಳಿದರೆ ಲಕ್ವಾ ಅಪಾಯ ಕಾಲುಭಾಗದಷ್ಟು ಕಡಿಮೆಯಾಗುತ್ತದೆ ಎಂದು ಗುಳಿಗೆಗಳ ಅಧ್ಯಯನಗಳು ತೋರಿಸಿವೆ. ಆದರೆ ನರ ಸುಟ್ಟಿದ್ದರಿಂದಲೇ ಲಕ್ವಾ, ಹೃದಯಾಘಾತ ತಪ್ಪಿತು ಎಂದು ನೇರವಾಗಿ ತೋರಿಸುವ ಪ್ರಯೋಗ ಇನ್ನೂ ಬಂದಿಲ್ಲ. ಕೆಲವರಿಗೆ ಬಿಪಿ ಇಳಿಯುವುದೇ ಇಲ್ಲ. ಯಾರಿಗೆ ಇಳಿಯುತ್ತದೆ ಎಂದು ಮೊದಲೇ ಹೇಳುವ ನಂಬಿಕಸ್ತ ಪರೀಕ್ಷೆ ಇಲ್ಲ.

ಈಗ ನನ್ನ ಪ್ರಶ್ನೆ. ಅವ್ವ ಬಿಪಿ ಬಿಟ್ಟು ಬೇರೆ ಯಾವ ಗುಳಿಗೆ ತಗೊಳ್ಳುತ್ತಾರೆ? ಜೋರಾಗಿ ಗೊರಕೆ ಹೊಡೆಯುತ್ತಾರಾ? 24 ಗಂಟೆಯ ಬಿಪಿ ನೋಡಿಸಿದ್ದೀರಾ?

ಇನ್ನೊಬ್ಬರು (ಜಮಖಂಡಿಯಿಂದ):
ಸರ್, ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ಸುಟ್ಟರೆ ಕಿಡ್ನಿಗೇ ಪೆಟ್ಟು ಬೀಳುವುದಿಲ್ಲವಾ?

ಉತ್ತರ:
ಸುಡುವುದು ನಾಳದ ಸುತ್ತಲಿನ ನರವನ್ನು, ಕಿಡ್ನಿಯನ್ನಲ್ಲ. ಮೂರು ವರ್ಷದ ಅಧ್ಯಯನಗಳಲ್ಲಿ ಇದರಿಂದ ಕಿಡ್ನಿ ಕೆಟ್ಟಿದ್ದು ಕಂಡಿಲ್ಲ. ನಾಳ ಕಿರಿದಾಗುವುದುಂಟು, ತೀರಾ ಅಪರೂಪ. ತೊಡೆಯ ಹತ್ತಿರ ರಕ್ತ ಸೋರಿ ಕಪ್ಪಾಗಬಹುದು. ಕಿಡ್ನಿ ಮೊದಲೇ ಬಹಳ ಸೋತವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ.

ಇಳಕಲ್‌ನವರು:
ಮೊಣಕಾಲು ನೋವಿಗೆ ದಿನಾ ಒಂದು ಗುಳಿಗೆ ತಗೊಳ್ಳುತ್ತಾರೆ ರೀ, ಮೆಡಿಕಲ್ ಶಾಪಿಂದ ತಂದು. ಡೈಕ್ಲೋಫೆನಾಕ್ ಅಂತ ಇದೆ. ಗೊರಕೆ ಅಂತೂ ಪಡಸಾಲೆವರೆಗೂ ಕೇಳುತ್ತದೆ. 24 ಗಂಟೆಯದ್ದು ನೋಡಿಸಿಲ್ಲ.

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಬಿಪಿ ಗುಳಿಗೆಯ ಕೆಲಸವನ್ನೂ ಕೆಡಿಸುತ್ತದೆ. ಇಷ್ಟು ಬಿಪಿ ಇರುವವರಿಗೆ ಅದು ಕಿಡ್ನಿಗೂ ಕೆಟ್ಟದ್ದು. ಅದನ್ನು ಇವತ್ತೇ ನಿಲ್ಲಿಸಿ. ನೋವಿಗೆ ಪ್ಯಾರಾಸಿಟಮಾಲ್ ಆದೀತು, ನಿಮ್ಮ ಡಾಕ್ಟರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ. ಬಿಪಿ ಗುಳಿಗೆ ಮಾತ್ರ ಒಂದನ್ನೂ ನಿಲ್ಲಿಸಬೇಡಿ.

ಅಂಥ ಗೊರಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು. ಬಿಪಿ ಬಗ್ಗದಿರಲು ಅದೂ ದೊಡ್ಡ ಕಾರಣ. ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ನೋಡುವ ಪರೀಕ್ಷೆ, ಮಾಡಿಸಿ. ಜೊತೆಗೆ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ, ಉಪ್ಪು ಹಿಡಿದಿಡುವ ಹಾರ್ಮೋನ್ ಆಲ್ಡೋಸ್ಟಿರಾನ್ ಪರೀಕ್ಷೆ ಬೇಕು. ಆಲ್ಡೋಸ್ಟಿರಾನ್ ಜಾಸ್ತಿ ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ನಾಲ್ಕು ಗುಳಿಗೆಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದೆಯೇ ನೋಡಿ. ಮೂರು ಗುಳಿಗೆಗೆ ಬಗ್ಗದವರಿಗೆ ನಾಲ್ಕನೆಯದಾಗಿ ಅದೇ ಚೆನ್ನಾಗಿ ಕೆಲಸ ಮಾಡಿದ್ದು 2015ರ ಬ್ರಿಟನ್ ಪ್ರಯೋಗದಲ್ಲಿ ಕಂಡಿದೆ. ಅದು ಅಗ್ಗದ ಗುಳಿಗೆ. ಆದರೆ ಪೊಟ್ಯಾಸಿಯಂ ನೋಡದೆ ಶುರುಮಾಡಬಾರದು. ಊಟದಲ್ಲಿ ರೊಟ್ಟಿ, ಪಲ್ಯ ಇರಲಿ. ಉಪ್ಪಿನಕಾಯಿ, ಹಪ್ಪಳ ಬಿಡಿಸಿ.

ಇಷ್ಟೆಲ್ಲ ಸರಿಮಾಡಿದ ಮೇಲೂ 24 ಗಂಟೆಯ ಬಿಪಿ ಇಳಿಯದಿದ್ದರೆ ಆಗ ನರ ಸುಡುವ ಚಿಕಿತ್ಸೆಯ ಬಗ್ಗೆ ಖಂಡಿತ ಮಾತಾಡೋಣ. ಎಲ್ಲ ಗುಳಿಗೆಗಳ ಹಾಳೆ, ಹಳೆಯ ರಿಪೋರ್ಟ್ ಹಿಡಿದು ಈ ವಾರವೇ ಫಿಜಿಷಿಯನ್‌ಗೆ ತೋರಿಸಿ. ನಡುವೆ ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.